ಅಂಗೈ ಮೇಲಿನ ಹೆರಾಲ್ಡ್
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಸಾಧಾರಣವಾಗಿ ಸಾಹಿತ್ಯ, ಸಂಗೀತ, ಇತಿಹಾಸ ಇವುಗಳ ಮೇಲೆ ಭಾಷಣಗಳಾಗುವುದು ವಾಡಿಕೆ. ನಾನು ಮಾತನಾಡಲು ನಿಂತಿರುವುದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಪ್ಲಾಸ್ಟಿಕ್ ಕಾರಿನ ವಿಷಯ. "ತಲೆ ನರೆತ ಮೇಲೆ ಇದೇನು ಆಟ?" ಎಂದು ನನ್ನನ್ನು ಮನೆಯಲ್ಲಿ ಕೇಳುವುದುಂಟು. ನೀವು ಸಭ್ಯರು, ಕೇಳದೆ ಕುಳಿತಿದ್ದೀರಿ. ಆದರೂ ಉತ್ತರ ಹೇಳಿಬಿಡುತ್ತೇನೆ: ಇದು ಆಟಿಕೆಯಲ್ಲ. ಆಟಿಕೆಯ ಕಾರು ಓಡಿದರೆ ಸಾಕು. ಮಾದರಿ ಕಾರು ಓಡಬೇಕಾಗಿಲ್ಲ, ಆದರೆ ಸುಳ್ಳು ಹೇಳಕೂಡದು. ಅಸಲು ಕಾರಿನಲ್ಲಿ ಬಾಗಿಲ ಹಿಡಿ ಎಲ್ಲಿತ್ತೋ ಅಲ್ಲೇ ಇಲ್ಲಿಯೂ ಇರಬೇಕು.

ಕಿಟ್ ಎಂದು ಕರೆಯುವ ಪೆಟ್ಟಿಗೆಯನ್ನು ಕೆಲವು ಮಕ್ಕಳು ನೋಡಿರಬಹುದು. ತೆರೆದರೆ ಒಳಗೆ ಕಾರು ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಹಣ್ಣಿನ ಹಾಗೆ ಅಂಟಿಕೊಂಡ ತುಂಡುಗಳು, ಒಂದು ಪುಟ ಸೂಚನೆ, ನೀರಿನಲ್ಲಿ ನೆನೆಸಿ ಅಂಟಿಸತಕ್ಕ ಚಿತ್ರಗಳ ಹಾಳೆ ಇಷ್ಟೇ. ತುಂಡುಗಳನ್ನು ಕತ್ತರಿಸಿ, ಅರದಿಂದ ಉಜ್ಜಿ, ದ್ರಾವಣದಿಂದ ಬೆಸೆದು, ಬಣ್ಣ ಹಾಕಬೇಕು. ಈ ದ್ರಾವಣ ಗೋಂದಿನಂತೆ ಅಂಟುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಎರಡು ತುಂಡುಗಳನ್ನು ಒಂದು ಮಾಡುತ್ತದೆ. ಆದುದರಿಂದ ಕುಂಚದ ತುದಿಯಲ್ಲಿ ಒಂದು ಹನಿ ಮುಟ್ಟಿಸಿದರೆ ಸಾಕು, ಸಂದಿನೊಳಕ್ಕೆ ತಾನೇ ಹರಿದುಹೋಗುತ್ತದೆ. ಧಾರಾಳವಾಗಿ ಸುರಿಯುವವನ ಕಾರಿನ ಮೇಲೆ ಬೆರಳ ಗುರುತು ಶಾಶ್ವತವಾಗಿ ನಿಲ್ಲುತ್ತದೆ. ಕಿಟಕಿಯ ಪಾರದರ್ಶಕ ತುಂಡುಗಳಿಗೆ ಮಾತ್ರ ಇದು ಬೇಡ, ಮಂಜು ಹಿಡಿದಂತಾಗುತ್ತವೆ. ಅಲ್ಲಿಗೆ ಬಡಗಿಯ ಬಿಳಿ ಫೆವಿಕಾಲೇ ಸರಿ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಫೆರಾರಿ ಸಿಕ್ಕುತ್ತದೆ, ಪೋರ್ಷೆ ಸಿಕ್ಕುತ್ತದೆ. ನಮ್ಮ ಊರಿನಲ್ಲಿ ಹುಟ್ಟಿದ ಕಾರು ಸಿಕ್ಕುತ್ತದೆಯೇ?

ಚಿಕ್ಕವರಿಗೆ ತಿಳಿದಿರಲಿಕ್ಕಿಲ್ಲ. ಇಂದು ಚೆನ್ನೈಯ ಸುತ್ತ ಮೋಟಾರು ಕಾರ್ಖಾನೆಗಳು ಬಹಳ. ಆದರೆ ಬಹಳ ಹಿಂದೆಯೇ, 1948ರಲ್ಲಿ, ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಕಂಪೆನಿಯ ಸಹಯೋಗದಿಂದ ಇಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಎಂಬ ಸಂಸ್ಥೆ ಏರ್ಪಟ್ಟಿತು. ನಗರದ ದಕ್ಷಿಣಕ್ಕೆ ವಂಡಲೂರಿನ ಕಡೆ ಅದರ ಕಾರ್ಖಾನೆ. ಆ ಕಾಲದಲ್ಲಿ ಕಾರು ಕೊಳ್ಳುವವನಿಗೆ ಆಯ್ಕೆ ಸುಲಭವಾಗಿತ್ತು: ಕಲ್ಕತ್ತೆಯ ಅಂಬಾಸಡರ್, ಬೊಂಬಾಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. 1961ರಲ್ಲಿ ಇಲ್ಲಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಹೊರಬಿತ್ತು. ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂದು ಹುಟ್ಟಿದ ಈ ಕಾರಿಗೆ ರೂಪ ಕೊಟ್ಟವನು ಇಟಲಿಯ ಮಿಚೆಲೋಟಿ. ಅಂಬಾಸಡರಿನ ಪಕ್ಕದಲ್ಲಿ ನಿಂತರೆ, ಮದುವೆಮನೆಯಲ್ಲಿ ದೊಡ್ಡಪ್ಪನ ಪಕ್ಕ ಕಾಲೇಜು ಹುಡುಗ ನಿಂತ ಹಾಗೆ ಕಾಣುತ್ತಿತ್ತು.

ಹೆರಾಲ್ಡಿನಲ್ಲಿ ಇನ್ನೊಂದು ವಿಶೇಷವುಂಟು. ಇಂಗ್ಲೆಂಡಿನ ಕಂಪೆನಿಗೆ ಮೈಕಟ್ಟು ಮಾಡಿಕೊಡುತ್ತಿದ್ದ ಕಾರ್ಖಾನೆ 1953ರಲ್ಲಿ ಎದುರಾಳಿಯ ಕೈಸೇರಿತು. ಇಡೀ ಮೈಯನ್ನು ಒಂದೇ ಕಡೆ ಒತ್ತಿಸುವ ಅನುಕೂಲ ತಪ್ಪಿತು. ಆದುದರಿಂದ ಬೇರೆಯಾದ ಒಂದು ಚಾಸಿ ಮಾಡಿ, ಮೈಯ ಭಾಗಗಳನ್ನು ಬೇರೆ ಬೇರೆ ಕಡೆ ತಯಾರಿಸಿ, ಬೋಲ್ಟು ಹಾಕಿ ಬಿಗಿದರು. ಎಂಜಿನ್ ನೋಡಬೇಕಾದರೆ ಮುಂದಿನ ಮಡ್‌ಗಾರ್ಡುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತಿತ್ತು. ಅಂದಮೇಲೆ ಹೆರಾಲ್ಡ್ ಎಂಬುದು ಜನ ಕುಳಿತು ಓಡಿಸಿದ ಒಂದು ದೊಡ್ಡ ಕಿಟ್ಟೇ ಸರಿ.

ಮದರಾಸಿನವರು ಇದನ್ನು ಚೆನ್ನಾಗಿ ಬಳಸಿಕೊಂಡರು. ಇಂಗ್ಲೆಂಡಿನ ಹೆರಾಲ್ಡಿಗೆ ಬದಿಯ ಬಾಗಿಲು ಎರಡೇ. ನಮ್ಮ ಸಂಸಾರಗಳಲ್ಲಿ ಅಜ್ಜಿ, ಸೊಸೆ, ಎರಡು ಮೂರು ಮಕ್ಕಳು, ಮೇಲೆ ಒಂದು ಹಿತ್ತಾಳೆ ಡಬ್ಬ; ಮುಂದಿನ ಆಸನ ಮಡಿಸಿ ಹಿಂದಕ್ಕೆ ನುಸುಳಬೇಕೆಂದರೆ ಅಜ್ಜಿ ಏನನ್ನುತ್ತಾರೆ? 1960ರ ದಶಕ ಮುಗಿಯುವ ಮೊದಲೇ ಇಲ್ಲಿಯವರು ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದರು. ಮೈ ಬಿಡಿಬಿಡಿಯಾಗಿದ್ದುದರಿಂದಲೇ ಇದು ಸಾಧ್ಯವಾಗಿರಬೇಕೆಂದು ನನ್ನ ಊಹೆ. ಅದು ನಮ್ಮ ಊರಿನದೇ ಕಾರು, ಸೀಮೆಯಲ್ಲಿ ಇಲ್ಲದ್ದು. 1972ರಲ್ಲಿ ಅದರ ಮುಂದುವರಿಕೆಯಾಗಿ ಗೆಜೆಲ್ ಬಂತು, 1980ರ ದಶಕದಲ್ಲಿ ಸ್ಟ್ಯಾಂಡರ್ಡ್ 2000 ಬಂತು, 1988ರ ಹೊತ್ತಿಗೆ ಕಾರು ತಯಾರಿಕೆ ನಿಂತೇಹೋಯಿತು.

ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪೆನಿ 1960ರ ದಶಕದಲ್ಲೇ ಹೆರಾಲ್ಡಿನ ಕಿಟ್ ಮಾಡಿತು. ಅಳತೆ 32ರಲ್ಲಿ ಒಂದು ಪಾಲು. ಹಳೆಯ ಪೆಟ್ಟಿಗೆಗಳು ಹುಡುಕಿದರೆ ಸಿಕ್ಕುತ್ತವೆ. ಆದರೆ ಅದು ಅವರ ಕಾರು, ಎರಡು ಬಾಗಿಲಿನದು. ಸೂಚನೆಯಂತೆ ಕಟ್ಟಿ ಮುಗಿಸಿದರೆ ಲಂಡನ್ನಿನ ಬೀದಿಯ ಕಾರಾಗುತ್ತದೆ, ಮೌಂಟ್ ರೋಡಿನದಾಗುವುದಿಲ್ಲ. ಅದನ್ನು ಮದರಾಸಿನ ಕಾರು ಮಾಡಬೇಕಾದರೆ ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ನಾವೇ ಹುಡುಕಿ ತರಬೇಕು.

ಲೆಕ್ಕ ಸುಲಭ. 32ರಲ್ಲಿ ಒಂದು ಎಂದರೆ ಅಸಲಿನ ಒಂದು ಅಡಿಗೆ ಇಲ್ಲಿ ಅಂಗುಲದ ಎಂಟರಲ್ಲಿ ಮೂರು ಪಾಲು. ಅಡಿ ಅಂಗುಲದ ಕಾಲದವರು ಮನಸ್ಸಿನಲ್ಲೇ ಮಾಡಿಬಿಡುತ್ತಾರೆ. ಸೀಮೆಯ ಹೆರಾಲ್ಡಿನ ಉದ್ದ 12 ಅಡಿ 9 ಅಂಗುಲ. ಮಾದರಿಯಲ್ಲಿ ಅದು 121 ಮಿಲಿಮೀಟರು. ಐದೂವರೆ ಅಡಿಯ ಯಜಮಾನರು ಎರಡು ಅಂಗುಲದವರಾಗುತ್ತಾರೆ. ಚೆನ್ನೈಯಲ್ಲಿ ಹಳೆಯ ಹೆರಾಲ್ಡನ್ನು ಸಾಕಿಕೊಂಡವರು ಇಂದಿಗೂ ಇದ್ದಾರೆ. ಅವರ ಬಳಿ ವಿನಯದಿಂದ ಟೇಪು ಹಿಡಿದುಕೊಂಡು ಹೋದರೆ ಹಿಂದಿನ ಬಾಗಿಲಿನ ಅಗಲವೂ ನಡುಗಂಬದ ದಪ್ಪವೂ ಸಿಕ್ಕುತ್ತವೆ. ಆಮೇಲೆ ಕಿಟ್ಟಿನ ಹಳೆಯ ಬಾಗಿಲ ಗೆರೆಯನ್ನು ಪುಟ್ಟಿಯಿಂದ ಮುಚ್ಚಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಸಮಮಾಡಿ, ಒಂದು ದಪ್ಪ ಅಂಟುಪಟ್ಟಿಯನ್ನು ಅಂಚಿಗೆ ಆಸರೆಯಾಗಿ ಹಚ್ಚಿ, ಗಟ್ಟಿ ಸೂಜಿಯಿಂದ ಹೊಸ ಗೆರೆ ಎಳೆಯಬೇಕು. ಹತ್ತು ಸಲ ಹಗುರವಾಗಿ ಎಳೆಯಬೇಕೇ ಹೊರತು ಒಂದೇ ಸಲ ಒತ್ತಿ ಎಳೆಯಲಾಗದು. ಈ ಕೆಲಸಕ್ಕೆ ನನಗಿಂತ ಹನ್ನೆರಡು ವರ್ಷದ ಹುಡುಗಿಯರ ಕೈ ವಾಸಿ ಎಂಬುದನ್ನು ಕಂಡಿದ್ದೇನೆ, ರಂಗೋಲಿಯ ಅಭ್ಯಾಸವಿರಬೇಕು.

ಇನ್ನು ಬಣ್ಣ. ಎಲ್ಲರೂ ಕಾತರಪಡುವುದು ಇದಕ್ಕೇ, ಕೆಲಸ ಕೆಡುವುದೂ ಇಲ್ಲೇ. ಕಾರು ಚಿಕ್ಕದಾಯಿತು, ಆದರೆ ಬಣ್ಣದ ಲೇಪ ಚಿಕ್ಕದಾಗಲಿಲ್ಲವಲ್ಲ! ಕುಂಚದಿಂದ ದಪ್ಪಗೆ ಬಳಿದ ಲೇಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವಿದ್ದರೂ, 32ರಿಂದ ಗುಣಿಸಿ ನೋಡಿ: ಅಸಲು ಕಾರಿಗೆ 3 ಮಿಲಿಮೀಟರ್ ದಪ್ಪದ ಬಣ್ಣ ಮೆತ್ತಿದಂತಾಯಿತು. ಕಷ್ಟಪಟ್ಟು ಎಳೆದ ಬಾಗಿಲ ಗೆರೆ ಅದರೊಳಗೆ ಹೂತುಹೋಗುತ್ತದೆ. ಆದುದರಿಂದ ಮೊದಲು ತೆಳುವಾದ ಬೂದು ಪ್ರೈಮರ್, ಆಮೇಲೆ ಸ್ಪ್ರೇಯಿಂದ ಮಂಜು ಕವಿದ ಹಾಗೆ ಮೂರು ನಾಲ್ಕು ಲೇಪ, ನಡುನಡುವೆ ಸಣ್ಣ ಹರಳಿನ ಉಪ್ಪುಕಾಗದದಿಂದ ನೀರು ಹಚ್ಚಿ ಉಜ್ಜುವುದು. ಬಿಳಿ ಮತ್ತು ಬಣ್ಣ ಎರಡೂ ಬೇಕಾದರೆ ಬಿಳಿಯೇ ಮೊದಲು. ಅದು ಪೂರ್ತಿ ಒಣಗಿದ ಮೇಲೆ ಪಟ್ಟಿ ಅಂಟಿಸಿ ಮರೆಮಾಡಿ ಇನ್ನೊಂದು. ಮತ್ತೂ ಒಂದು ಸೂಕ್ಷ್ಮ: ಅಸಲು ಕಾರಿನ ಬಣ್ಣವನ್ನೇ ತಂದು ಹಚ್ಚಿದರೂ ಪುಟ್ಟ ವಸ್ತುವಿನ ಮೇಲೆ ಅದು ಗಾಢವಾಗಿ ಕಾಣುತ್ತದೆ. ಒಂದೆರಡು ಹನಿ ಬಿಳಿ ಬೆರೆಸಿದರೆ ಕಣ್ಣಿಗೆ ಹೊಂದುತ್ತದೆ.

ನಮ್ಮ ರಾಜ್ಯೋತ್ಸವ ಬರುವುದು ನವೆಂಬರ್ 1ಕ್ಕೆ. ಚೆನ್ನೈಯ ಹಿಂಗಾರು ಮಳೆಯೂ ಆಗಲೇ. ಈ ಹವೆಯಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಹೊಳಪಿನ ಮೇಲೆ ಬೂದಿ ಬಳಿದಂತೆ ಬಿಳಿಚಿಕೊಳ್ಳುತ್ತದೆ. ಥಿನ್ನರ್ ಬೇಗ ಆರುವಾಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ, ತಂಪಾದ ಮೈಮೇಲೆ ಗಾಳಿಯ ತೇವ ಇಳಿಯುತ್ತದೆ. ಐಸ್ ನೀರಿನ ಲೋಟದ ಹೊರಮೈ ಬೆವರುವುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕತ್ತರಿಸುವುದು, ಉಜ್ಜುವುದು, ಗೆರೆ ಎಳೆಯುವುದು ಇವನ್ನು ಮುಗಿಸಿಕೊಳ್ಳಿ; ಬಣ್ಣವನ್ನು ಸಂಕ್ರಾಂತಿಯ ನಂತರದ ಒಣಬಿಸಿಲಿಗೆ ಇಟ್ಟುಕೊಳ್ಳಿ. ಬಣ್ಣ ಹೊಡೆಯುವಾಗ ಮಹಡಿಯ ಮೇಲೆ, ಮೂಗಿಗೆ ಮುಸುಕು ಹಾಕಿಕೊಂಡು, ದೊಡ್ಡವರೊಬ್ಬರು ಜೊತೆಯಲ್ಲಿರಬೇಕು.

ಕಟ್ಟಿದ ಕಾರನ್ನು ಎಲ್ಲಿ ನಿಲ್ಲಿಸುವುದು? ನನ್ನ ಮನಸ್ಸಿನಲ್ಲಿರುವುದು ಒಂದೇ ಜಾಗ. ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದು ಈ ನಗರಕ್ಕೆ ಊಟ ಹಾಕಿದ ಕೆ. ಕೃಷ್ಣರಾಯರು ಕತೀಡ್ರಲ್ ರಸ್ತೆಯಲ್ಲಿ 1962ರಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಸಾಕು, ಕಿಟಕಿಗೆ ತಟ್ಟೆ ಸಿಕ್ಕಿಸಿ ತಿಂಡಿ ಕೊಡುತ್ತಿದ್ದರು. ಹೆರಾಲ್ಡಿನಲ್ಲಿ ಕುಳಿತೇ ದೋಸೆ ತಿಂದ ಸಂಸಾರಗಳು ಈ ಸಭೆಯಲ್ಲೇ ಇವೆ. 2008ರಲ್ಲಿ ಅದು ಮುಚ್ಚಿತು. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಕಾರ್ಖಾನೆಯ ಕಾರೂ ಹೋಯಿತು, ಅದು ನಿಲ್ಲುತ್ತಿದ್ದ ನೆರಳೂ ಹೋಯಿತು. ಒಂದು ಹಲಗೆಯ ಮೇಲೆ ನಾಲ್ಕು ಮರ, ಎರಡು ಹೆರಾಲ್ಡು, ಒಂದು ಅಂಬಾಸಡರು, ಕಿಟಕಿಗೆ ಉಗುರಿನಷ್ಟು ತಟ್ಟೆ ಇವಿಷ್ಟನ್ನು ಸಂಘದ ಮಕ್ಕಳಿಂದ ಮಾಡಿಸಬೇಕೆಂಬುದು ನನ್ನ ಆಸೆ.

ಇದಕ್ಕೆ ಬೇಕಾದ ಸಾಮಗ್ರಿ ಅಂಗಡಿಯಲ್ಲಿಲ್ಲ, ನಿಮ್ಮಲ್ಲಿದೆ. ಹಳೆಯ ಫೋಟೋಗಳು ಬಹುತೇಕ ಕಪ್ಪು ಬಿಳುಪು. ಕಾರಿನ ಮೈ ಹಸಿರೋ ನೀಲಿಯೋ ಅವು ಹೇಳುವುದಿಲ್ಲ. ಆಸನದ ಹೊದಿಕೆ ಯಾವ ಬಣ್ಣ? ಹಿಂದಿನ ಗಾಜಿನ ಹತ್ತಿರ ಏನು ಇಡುತ್ತಿದ್ದಿರಿ? ತಟ್ಟೆ ಯಾವ ಕಡೆಯ ಕಿಟಕಿಗೆ ಬರುತ್ತಿತ್ತು? ಇವು ಎಪ್ಪತ್ತು ಎಂಬತ್ತು ದಾಟಿದವರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಕಿಟ್ ಮುಂದಿಟ್ಟುಕೊಂಡು ಕೇಳಿದರೆ ನೆನಪು ಬರುತ್ತದೆ. ಸುಮ್ಮನೆ "ಹಳೆಯ ಕಾಲದ್ದು ಹೇಳಿ ತಾತ" ಎಂದರೆ ತಾತ ರಾಜಕೀಯಕ್ಕೆ ಹೋಗಿಬಿಡುತ್ತಾರೆ. ಪುಟ್ಟ ಬಾಗಿಲನ್ನು ಕೈಗೆ ಕೊಟ್ಟು "ಹಿಡಿ ಇಲ್ಲಿತ್ತೇ, ಅಲ್ಲಿತ್ತೇ?" ಎಂದು ಕೇಳಿ ನೋಡಿ, ಕನ್ನಡಕ ತರಿಸುತ್ತಾರೆ.

ಮನೆಯಲ್ಲಿ ಹೆರಾಲ್ಡಿನ ಅಥವಾ ಡ್ರೈವ್-ಇನ್ನಿನ ಚಿತ್ರಗಳಿದ್ದವರು, ಹಿಂಬದಿಯಲ್ಲಿ ಹೆಸರು ಬರೆದು ಕಾರ್ಯದರ್ಶಿಗಳ ಕೈಗೆ ಕೊಡಬೇಕಾಗಿ ಬೇಡುತ್ತೇನೆ. ಪ್ರತಿ ತೆಗೆದುಕೊಂಡು ಜೋಪಾನವಾಗಿ ಹಿಂದಿರುಗಿಸುತ್ತೇವೆ. ಗೆರೆ ಎಳೆಯುವ ಕೆಲಸ ಮುಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ, ಇದೇ ಸಭಾಂಗಣದಲ್ಲಿ. ಸೂಜಿ, ಉಪ್ಪುಕಾಗದ ನಾನು ತರುತ್ತೇನೆ; ಮಕ್ಕಳು ಹಳೆಯ ಅಂಗಿ ಹಾಕಿಕೊಂಡು ಬರಲಿ.