ನೋವಿರುವಾಗಲೇ ನಡೆಯುವುದು



ನವಿ ಮುಂಬೈಯ ಸೀವುಡ್ಸ್‌ನಲ್ಲಿ, ಮಂಡಿನೋವು, ಬೆನ್ನುನೋವು ಇರುವವರ ವ್ಯಾಯಾಮದ ವಿಷಯಕ್ಕೆ ದೊಡ್ಡ ಪೀಠಿಕೆ ಬೇಕಿಲ್ಲ. ಬೆಳಗ್ಗೆ ಪಾಮ್ ಬೀಚ್ ರಸ್ತೆಯ ಬದಿಯಲ್ಲೋ ನೆರೂಳಿನ ಜುವೆಲ್ ಆಫ್ ನವಿ ಮುಂಬೈ ಉದ್ಯಾನದಲ್ಲೋ ಸ್ವಲ್ಪ ಹೊತ್ತು ನಿಂತು ನೋಡಿ. ಮಂಡಿಗೆ ನೀ ಕ್ಯಾಪ್, ಸೊಂಟಕ್ಕೆ ಬೆಲ್ಟ್, ಮುಖದಲ್ಲಿ ನೋವು. ಆದರೂ ಬಿರುಸಿನ ನಡಿಗೆ. ಇವರಲ್ಲಿ ಎಷ್ಟೋ ಜನ ಹಿಂದಿನ ಸಂಜೆ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಸಿಎಸ್‌ಎಂಟಿಯಿಂದ ಸುಮಾರು ಒಂದು ಗಂಟೆ ನಿಂತೇ ಬಂದವರು. ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದಾರೆ. ಇಳಿಸಲೆಂದು ನಡೆಯುತ್ತಾರೆ, ನಡೆದಷ್ಟೂ ನೋವು ಹೆಚ್ಚುತ್ತದೆ, ಕೆಲವೇ ವಾರಗಳಲ್ಲಿ ನಡಿಗೆ ನಿಲ್ಲುತ್ತದೆ. ಇದನ್ನು ಸೋಮಾರಿತನ ಎಂದು ಕರೆಯುವುದು ಅನ್ಯಾಯ. ತಪ್ಪಿರುವುದು ಸಲಹೆಯಲ್ಲಿ. ತೂಕ ಇಳಿಸುವ ಪೂರಾ ಭಾರವನ್ನು ನಾವು ಆ ನೋಯುವ ಮಂಡಿಯ ಮೇಲೆಯೇ ಹೊರಿಸಿದ್ದೇವೆ.

ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಪ್ರಕಟಿಸಿದ ‘ಐಡಿಯಾ’ ಅಧ್ಯಯನವನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಮಂಡಿಸವೆತವಿದ್ದ, ತೂಕ ಹೆಚ್ಚಿದ್ದ, 55 ದಾಟಿದ 454 ಜನರನ್ನು ಅವರು 18 ತಿಂಗಳು ನೋಡಿದರು. ಬರೀ ವ್ಯಾಯಾಮ ಮಾಡಿದವರು ಸರಾಸರಿ 1.8 ಕಿಲೋ ಇಳಿದರು. ಬರೀ ಊಟ ಬದಲಿಸಿದವರು 8.9 ಕಿಲೋ, ಎರಡನ್ನೂ ಮಾಡಿದವರು 10.6 ಕಿಲೋ. ನೋವು ಎಲ್ಲರಿಗಿಂತ ಹೆಚ್ಚು ತಗ್ಗಿದ್ದೂ ಈ ಕೊನೆಯ ಗುಂಪಿನಲ್ಲೇ. ಇದೇ ವಿಶ್ವವಿದ್ಯಾಲಯದ 2005ರ ಇನ್ನೊಂದು ವರದಿಯ ಪ್ರಕಾರ ಮೈಯಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಒತ್ತಡ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ.

ಈ ಅಂಕಿಗಳಿಂದ ನಾನು ತಿಳಿದುಕೊಂಡದ್ದು ಇಷ್ಟು: ತೂಕ ಮುಖ್ಯವಾಗಿ ಇಳಿಯುವುದು ತಟ್ಟೆಯಲ್ಲಿ. ಸಂಜೆಯ ಫರಸಾಣ, ಸ್ಟೇಷನ್ ಹೊರಗಿನ ವಡಾಪಾವ್, ರಾತ್ರಿ ಹತ್ತರ ಮೇಲಿನ ಅನ್ನದ ರಾಶಿ, ಇವುಗಳ ಬಗ್ಗೆ ಮಾತಾಡದೆ ಹತ್ತು ಸಾವಿರ ಹೆಜ್ಜೆ ಹಾಕಿ ಎನ್ನುವುದು ಮಂಡಿಗೆ ಮಾಡುವ ಮೋಸ. ಹಾಗಾದರೆ ವ್ಯಾಯಾಮ ಯಾಕೆ? ತೊಡೆಯ ಸ್ನಾಯು ಗಟ್ಟಿಯಾಗಲು, ಬೆನ್ನಿನ ಭಯ ಹೋಗಲು, ಊಟ ಕಡಿಮೆಯಾದಾಗ ಮೈಯ ಮಾಂಸಖಂಡ ಕರಗದಿರಲು. ಕ್ಯಾಲರಿ ಸುಡುವ ಹೊಣೆಯಿಂದ ಬಿಡುಗಡೆಯಾದ ವ್ಯಾಯಾಮ ಮೆಲ್ಲಗೆ ಶುರುವಾಗಬಹುದು. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಮಲಗಿ ನೇರ ಕಾಲನ್ನು ಎತ್ತುವುದು, ಮಂಡಿ ಮಡಚಿ ಸೊಂಟ ಎತ್ತುವುದು, ಸಮತಟ್ಟು ನೆಲದಲ್ಲಿ ಹತ್ತು ನಿಮಿಷ ನಡೆಯುವುದು ಆರಂಭಕ್ಕೆ ಸಾಕು. ಬೇಲಾಪುರದ ಪಾರಸಿಕ್ ಗುಡ್ಡ ಆಮೇಲೆ ಬರಲಿ. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಚಿಪ್ಪು ಹೆಚ್ಚು ನೋಯುವುದನ್ನು ನಾವೆಲ್ಲ ನೋಡಿದ್ದೇವೆ.

ನೋವು ಬಂದರೆ ನಿಲ್ಲಿಸಬೇಕೇ? ರೋಗಿ ಕೇಳುವ ಮೊದಲ ಪ್ರಶ್ನೆ ಇದೇ. ಸಹಿಸಬಹುದಾದಷ್ಟು ನೋವು, ಮರುದಿನ ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮುಂದುವರಿಯಬಹುದು. ಮಂಡಿ ಊದಿದ್ದರೆ, ಕುಂಟುವಂತಾದರೆ ನಿನ್ನೆಯದು ಅತಿಯಾಯಿತು; ಅಳತೆ ಇಳಿಸಬೇಕು, ಅಭ್ಯಾಸ ಬಿಡಬಾರದು.

ಬೆನ್ನಿನ ವಿಷಯದಲ್ಲಿ ನಮ್ಮ ದೊಡ್ಡ ತೊಡಕು ಎಂಆರ್‌ಐ ವರದಿ. 1994ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಸ್ಕ್ಯಾನ್ ಮಾಡಿದರು, ಅವರಲ್ಲಿ ಶೇ. 52 ಮಂದಿಗೆ ಡಿಸ್ಕ್ ಉಬ್ಬಿತ್ತು. ಆದರೂ ‘ಡಿಸ್ಕ್ ಉಬ್ಬಿದೆ’ ಎಂಬ ಎರಡು ಪದ ಕೇಳಿದವರು ವರ್ಷಗಟ್ಟಲೆ ಬಗ್ಗುವುದನ್ನೇ ಬಿಟ್ಟಿದ್ದಾರೆ. 1995ರ ಹೆಲ್ಸಿಂಕಿ ಅಧ್ಯಯನದಲ್ಲಿ ಹಾಸಿಗೆ ಹಿಡಿದವರಿಗಿಂತ ಎಂದಿನ ಓಡಾಟ ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು. 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನವಂತೂ ನಮಗಾಗಿಯೇ ಮಾಡಿದಂತಿದೆ: ಬೆನ್ನುನೋವಿನಿಂದ ಆಗಷ್ಟೇ ಸುಧಾರಿಸಿಕೊಂಡವರಿಗೆ ಫಿಸಿಯೋಥೆರಪಿಸ್ಟರು ನಡಿಗೆಯನ್ನು ಹಂತಹಂತವಾಗಿ ಕಲಿಸಿದಾಗ, ನೋವು ಮರುಕಳಿಸಲು ಹಿಡಿದ ಮಧ್ಯಮ ಅವಧಿ 112 ದಿನದಿಂದ 208 ದಿನಕ್ಕೆ ಏರಿತು.

ಇಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನ ಮಗನೊಬ್ಬರನ್ನು ನೆನೆಯಬೇಕು. ಬಿ.ಕೆ.ಎಸ್. ಅಯ್ಯಂಗಾರ್ ಮೈಸೂರಿನಲ್ಲಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದು, ಅಲ್ಲಿಂದಲೇ ಜಗತ್ತಿಗೆ ಪಾಠ ಹೇಳಿದರು. 1952ರಲ್ಲಿ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರನ್ನು ಭೇಟಿಯಾದದ್ದು ಇದೇ ಮುಂಬಯಿಯಲ್ಲಿ. ಅವರ ಅತಿ ದೊಡ್ಡ ಕೊಡುಗೆ ಕಷ್ಟದ ಆಸನಗಳಲ್ಲ ಎಂದು ನಾನು ನಂಬಿದ್ದೇನೆ. ಬಾಗಲಾರದ ಮೈಗೆ ಅವರು ಕುರ್ಚಿ ಕೊಟ್ಟರು, ಮರದ ಇಟ್ಟಿಗೆ ಕೊಟ್ಟರು, ಪಟ್ಟಿ, ಹಗ್ಗ, ಕಂಬಳಿ ಕೊಟ್ಟರು. ಆಸನವನ್ನೇ ಮನುಷ್ಯನ ಅಳತೆಗೆ ತಂದರು. ಮಂಡಿನೋವಿರುವ ಗೃಹಿಣಿಯನ್ನು 108 ಸೂರ್ಯನಮಸ್ಕಾರಕ್ಕೆ ಹುರಿದುಂಬಿಸುವ ಶಿಬಿರಗಳು ಈ ಪಾಠವನ್ನು ಮರೆತಿವೆ. ಅಯ್ಯಂಗಾರ್ ಪದ್ಧತಿಯ ಶಿಕ್ಷಕರು ರೂಪಿಸಿದ 12 ವಾರದ ತರಗತಿಗಳನ್ನು ಬ್ರಿಟನ್‌ನಲ್ಲಿ 313 ಜನರ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆನ್ನಿನ ಕಾರ್ಯಶಕ್ತಿ ಸುಧಾರಿಸಿತು, ನೋವಿನ ಅಂಕದಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನೋವು ಪೂರ್ತಿ ಹೋಗದೆಯೂ ಬದುಕು ಸಲೀಸಾಗಬಹುದು ಎಂಬುದನ್ನು ರೋಗಿಗೆ ಮೊದಲ ದಿನವೇ ಹೇಳಿದರೆ ಅವರು ನಮ್ಮನ್ನು ನಂಬುತ್ತಾರೆ.

ಇನ್ನೊಂದು ಮಾತು ನನ್ನ ಮನಸ್ಸಿಗೆ ಬಹಳ ಹತ್ತಿರವಾದದ್ದು. ಮುಂಬಯಿ, ನವಿ ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಕಾವಲಿಯ ಮುಂದೆ ದಿನವಿಡೀ ನಿಲ್ಲುವ ನಮ್ಮ ಕನ್ನಡಿಗರು ಮಧ್ಯರಾತ್ರಿಯ ಹೊತ್ತಿಗೆ ಊಟಕ್ಕೆ ಕೂರುತ್ತಾರೆ. ಹಿಟ್ಟಿನ ಪಾತ್ರೆ ಎತ್ತಿ ಸೊಂಟ ಹಿಡಿದಿರುತ್ತದೆ, ಹೊಟ್ಟೆ ಬೆಳೆದಿರುತ್ತದೆ. ಅವರಿಗೆ ವಾಕಿಂಗ್ ಹೋಗಿ ಎನ್ನುವುದು ಕ್ರೌರ್ಯ. ಕೆಲಸದ ನಡುವೆ ಕೂರಲು ಒಂದು ಸ್ಟೂಲು, ಊಟ ಬೇಗ ಆಗುವುದು, ಪಾತ್ರೆಯನ್ನು ಇಬ್ಬರು ಹಿಡಿಯುವುದು: ಇವೇ ಅವರ ಚಿಕಿತ್ಸೆ, ಅದಕ್ಕೆ ಮಾಲೀಕರ ಒಪ್ಪಿಗೆಯೂ ಬೇಕು.

ಒಂದು ಎಚ್ಚರಿಕೆ: ಮಲಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿ ಮರಗಟ್ಟುವುದು, ಕಾಲಿನ ಬಲ ಕುಂದುವುದು, ಜ್ವರದೊಂದಿಗೆ ಬೆನ್ನುನೋವು, ಮಂಡಿ ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವುದು ಅಥವಾ ಕೆಂಪಾಗಿ ಬಿಸಿಯೇರುವುದು ಕಂಡರೆ ವ್ಯಾಯಾಮದ ಮಾತೇ ಬೇಡ, ತಕ್ಷಣ ವೈದ್ಯರಲ್ಲಿಗೆ. ಪ್ರತಿ ಜಿಮ್ ತರಬೇತುದಾರನಿಗೂ ಇದು ಬಾಯಿಪಾಠವಾಗಿರಬೇಕು.

ಮಧ್ಯಾಹ್ನದ ಗೋಷ್ಠಿಗೆ ಒಂದು ಕೋರಿಕೆ. 85 ಕಿಲೋ ತೂಕದ, ಎರಡು ಮಹಡಿ ಹತ್ತಲಾಗದ, ಐವತ್ತೈದರ ತಾಯಿಯೊಬ್ಬರನ್ನು ಎದುರಿಗಿಟ್ಟುಕೊಳ್ಳಿ. ವೈದ್ಯರು, ಫಿಸಿಯೋ, ಯೋಗ ಶಿಕ್ಷಕರು, ಆಹಾರ ತಜ್ಞರು ಒಂದೇ ಮೇಜಿಗೆ ಕೂತು ಅವರ ಮೊದಲ ಆರು ವಾರವನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಬರೆಯಿರಿ, ಅವರು ನಿಜವಾಗಿ ಉಣ್ಣುವ ಊಟದ ಸಮೇತ. ಆ ಪುಟ ಸಿದ್ಧವಾದರೆ ನಾಳೆಯಿಂದಲೇ ನಮ್ಮ ಕ್ಲಿನಿಕ್ಕುಗಳಲ್ಲಿ ಕೊಡಲು ಶುರುಮಾಡೋಣ.