ಹೊಸ ಯಂತ್ರಕ್ಕೆ ಹಳೆಯ ಭಾಷೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನಲ್ಲಿ ನಾನು ಮಾಡುವ ಕೆಲಸ ಏನೆಂದು ಊರಿನವರಿಗೆಲ್ಲ ತಿಳಿಯುವ ಹಾಗೆ ಹೇಳಬೇಕೆಂದು ಸಮಿತಿಯವರು ಕೇಳಿದ್ದಾರೆ. ಪ್ರಯತ್ನಿಸುತ್ತೇನೆ.

ಕಂಪ್ಯೂಟರಿನ ಮಿದುಳು ಪ್ರೊಸೆಸರ್. ಅದಕ್ಕೆ ತಿಳಿಯುವುದು ಕೆಲವೇ ಆಜ್ಞೆಗಳು: ಕೂಡು, ಕಳೆ, ಇಲ್ಲಿಂದ ತೆಗೆದು ಅಲ್ಲಿಡು. ಶಾಲೆಯ ಕಂಪ್ಯೂಟರಿನ ಆಜ್ಞೆಗಳೇ ಬೇರೆ, ನಿಮ್ಮ ಜೇಬಿನಲ್ಲಿರುವ ಮೊಬೈಲಿನ ಆಜ್ಞೆಗಳೇ ಬೇರೆ. ಇನ್ನೊಂದು ಬಗೆಯ ಹೆಸರು ರಿಸ್ಕ್-ಫೈವ್. ಇದು 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಇದರ ಆಜ್ಞೆಗಳ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು, ಅದರಂತೆ ಪ್ರೊಸೆಸರ್ ಮಾಡಬಹುದು. ಅದಕ್ಕೆ ಶುಲ್ಕವಿಲ್ಲ. ಮದ್ರಾಸಿನ ಐಐಟಿಯವರು 'ಶಕ್ತಿ' ಪ್ರೊಸೆಸರ್‌ಗಳನ್ನು ರೂಪಿಸಿರುವುದು ಇದೇ ಪಟ್ಟಿಯಿಂದ.

ಆದರೆ ಪ್ರೊಸೆಸರ್ ಒಂದೇ ಇದ್ದರೆ ಸಾಲದು. ಎಷ್ಟೋ ಬ್ಯಾಂಕು, ಕಚೇರಿಗಳ ತಂತ್ರಾಂಶ ಜಾವಾ ಎಂಬ ಭಾಷೆಯಲ್ಲಿದೆ. ಅದು 1995ರಲ್ಲಿ ಬಂದ ಭಾಷೆ. ಅದರ ಸಲಕರಣೆಗಳ ಕಟ್ಟಿಗೆ ಜೆಡಿಕೆ ಎನ್ನುತ್ತಾರೆ. ಅದನ್ನು ಹೊಸ ಯಂತ್ರಕ್ಕೆ ಒಗ್ಗಿಸುವುದೇ ಪೋರ್ಟಿಂಗ್. ಮೊದಲು ರಿಸ್ಕ್-ಫೈವ್ ಮೇಲೆ ಜಾವಾ ಓಡಿಸಲು 'ಝೀರೋ' ಎಂಬ ದುಭಾಷಿ ಇತ್ತು. ಅದು ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತಿತ್ತು. ಕೆಲಸವೇನೋ ಆಗುತ್ತಿತ್ತು, ಆದರೆ ಬಹಳ ನಿಧಾನ. 2022ರಲ್ಲಿ ಬಂದ 19ನೆಯ ಆವೃತ್ತಿಯಲ್ಲಿ, ಜಾವಾವನ್ನು ಈ ಯಂತ್ರದ ಸ್ವಂತ ಆಜ್ಞೆಗಳಿಗೇ ತಿರುಗಿಸುವ ಪೋರ್ಟ್ ಸೇರಿತು. ಆ ದೊಡ್ಡ ಕೆಲಸ ಮಾಡಿದವರು ಬೇರೆಯವರು. ಆಮೇಲೆ ಅದನ್ನು ಪರೀಕ್ಷಿಸಿ, ಕೊರತೆ ಹುಡುಕಿ ತಿದ್ದುವ ಹಲವರಲ್ಲಿ ನಾನೂ ಒಬ್ಬ.

ಇದರಲ್ಲಿ ಕಷ್ಟ ಏನು ಅಂತೀರಾ? ಸೊಸೈಟಿ ಗೋದಾಮನ್ನು ನೆನೆಯಿರಿ. ಒಬ್ಬ ರಾಗಿ ಮೂಟೆ ಇಳಿಸಿ, ಆಮೇಲೆ ಹಲಗೆಯ ಮೇಲೆ 'ಬಂದಿದೆ' ಎಂದು ಬರೆಯುತ್ತಾನೆ. ಹಲಗೆ ನೋಡಿ ಇನ್ನೊಬ್ಬ ಮೂಟೆ ಎತ್ತಲು ಹೋಗುತ್ತಾನೆ. ನಮ್ಮ ಮಾಮೂಲಿ ಕಂಪ್ಯೂಟರುಗಳಲ್ಲಿ ಮೊದಲಿನವನು ಮಾಡಿದ ಕ್ರಮದಲ್ಲೇ ಎರಡನೆಯವನಿಗೆ ಕಾಣುತ್ತದೆ. ರಿಸ್ಕ್-ಫೈವ್‌ನಲ್ಲಿ ವೇಗಕ್ಕಾಗಿ ಆ ಕ್ರಮ ಹಿಂದುಮುಂದಾಗಬಹುದು. ಹಲಗೆಯಲ್ಲಿ 'ಬಂದಿದೆ' ಅಂತಿರುತ್ತದೆ, ಗೋದಾಮಿನಲ್ಲಿ ಮೂಟೆ ಇರುವುದಿಲ್ಲ! ಅದನ್ನು ತಡೆಯಲು ನಡುವೆ ಒಂದು ಆಜ್ಞೆ ಹಾಕಬೇಕು. ಅದರ ಹೆಸರೇ ಫೆನ್ಸ್, ಅಂದರೆ ಬೇಲಿ. ಇಡುವವನ ಕಡೆಯೂ ಬೇಲಿ ಬೇಕು, ಎತ್ತುವವನ ಕಡೆಯೂ ಬೇಕು. ಒಂದು ಬೇಲಿ ಬಿಟ್ಟುಹೋದರೆ ಸಾವಿರ ಸಲ ಸರಿಯಾಗಿ ನಡೆದು, ಯಾವಾಗಲೋ ಒಮ್ಮೆ ಲೆಕ್ಕ ತಪ್ಪುತ್ತದೆ. ಎಲ್ಲ ಕಡೆ ಹಾಕಿದರೆ ಯಂತ್ರ ನಿಧಾನವಾಗುತ್ತದೆ. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ನೋಡುವುದರಲ್ಲೇ ನನ್ನ ಎಷ್ಟೋ ವಾರಗಳು ಕಳೆದಿವೆ.

ಇಷ್ಟೆಲ್ಲ ಮಾಡಿ ತಂದರೂ ಕೆಲಸ ಮುಗಿಯುವುದಿಲ್ಲ. ಜಾವಾ ಮಾಡಿದ ಸನ್ ಕಂಪನಿಯೇ ಸ್ಪಾರ್ಕ್ ಎಂಬ ಪ್ರೊಸೆಸರನ್ನೂ ಮಾಡಿತ್ತು. ಆದರೂ 2020ರಲ್ಲಿ, 15ನೆಯ ಆವೃತ್ತಿಯಲ್ಲಿ, ಸ್ಪಾರ್ಕ್ ಪೋರ್ಟನ್ನು ತೆಗೆದುಹಾಕಿದರು. ತವರುಮನೆಯ ಯಂತ್ರಕ್ಕೇ ಹೀಗಾಯಿತು. ಪ್ರತಿ ಆವೃತ್ತಿಗೂ ಕೂತು ಸರಿಪಡಿಸುವವರು ಇರುವಷ್ಟು ದಿನ ಮಾತ್ರ ಪೋರ್ಟ್ ಬದುಕಿರುತ್ತದೆ.

ಇದನ್ನು ಈ ದಿನ ಹೇಳಲು ಕಾರಣವಿದೆ. 50 ವರ್ಷದ ಹಿಂದೆ ಹಿರಿಯರು ಓಡಾಡಿ ಈ ಶಾಲೆ ತಂದರು. ಇಲ್ಲಿಯವರೆಗೆ ಉಳಿಸಿದವರು ವರ್ಷ ವರ್ಷವೂ ಹೆಂಚು ಬದಲಿಸಿದವರು, ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದ ಮೇಷ್ಟ್ರುಗಳು. ನಿನ್ನೆ ಕಂಪ್ಯೂಟರ್ ಕೋಣೆಗೆ ಹೋಗಿದ್ದೆ. ಎಂಟರಲ್ಲಿ ಮೂರು ಮಾತ್ರ ಚಾಲೂ ಆದವು. ಹೊಸ ಎಂಟನ್ನು ಕೊಡಿಸುವುದು ನಮ್ಮ ಬ್ಯಾಚಿಗೆ ಕಷ್ಟವಲ್ಲ. ಮುಂದಿನ ವರ್ಷ ಅವನ್ನು ನೋಡಿಕೊಳ್ಳುವವರು ಯಾರು ಎನ್ನುವುದೇ ಪ್ರಶ್ನೆ.

ಅದಕ್ಕೆ ತಿಂಗಳಿಗೊಂದು ಶನಿವಾರ ನಾನು ಬರುತ್ತೇನೆ. ಇನ್ನು ಮೂವರು ಹಳೆಯ ವಿದ್ಯಾರ್ಥಿಗಳು ಕೈ ಎತ್ತಿದರೆ ಪ್ರತಿ ಶನಿವಾರವೂ ಒಬ್ಬರು ಇಲ್ಲಿರಬಹುದು. ನನ್ನ ಬಳಿಯ ಎರಡು ರಿಸ್ಕ್-ಫೈವ್ ಬೋರ್ಡುಗಳನ್ನೂ ಶಾಲೆಗೆ ಕೊಡುತ್ತಿದ್ದೇನೆ. ಅದರ 32 ಬಿಟ್ಟಿನ ಮೂಲ ಆಜ್ಞೆಗಳು 50ಕ್ಕಿಂತ ಕಡಿಮೆ. ಒಂಬತ್ತನೇ ತರಗತಿಯ ಮಕ್ಕಳು ಕೂತು ಕಲಿಯಬಹುದು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರ ಕೋಣೆಗೆ ಬನ್ನಿ, ನಾನು ಅಲ್ಲಿರುತ್ತೇನೆ.