ಲವ್‌ಕ್ರಾಫ್ಟನ ಕಥೆಗಳು: ಯಾವುದನ್ನು ಮೊದಲು ಓದಬೇಕು?

ಅಮೆರಿಕದ ಭಯಾನಕ ಕಥೆಗಾರನಾದ ಹೆಚ್. ಪಿ. ಲವ್‌ಕ್ರಾಫ್ಟನ (1890–1937) ಕೀರ್ತಿಯನ್ನು ಕೇಳಿ, ಆತನ ಕಥೆಗಳ ಸಂಪುಟವೊಂದನ್ನು ಕೈಗೆತ್ತಿಕೊಂಡು, ಹತ್ತು ಪುಟ ಓದುವಷ್ಟರಲ್ಲಿ ಬೇಸತ್ತು ಕೆಳಗಿಟ್ಟವರನ್ನು ನಾವು ಕಂಡಿದ್ದೇವೆ. ವಿಚಾರಿಸಿದರೆ, ಬಹುಮಟ್ಟಿಗೆ ಅವರೆಲ್ಲರೂ 'ದಿ ಕಾಲ್ ಆಫ್ ಕ್ಥುಲು' ಎಂಬ ಕಥೆಯಿಂದ ಆರಂಭಿಸಿದವರೇ.

1928ರಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಅಚ್ಚಾದ ಆ ಕಥೆ ಅತ್ಯಂತ ಪ್ರಸಿದ್ಧವಾದುದೇನೋ ನಿಜ. ಆದರೆ ಅದು ಕಥೆಗಿಂತ ಹೆಚ್ಚಾಗಿ ಒಂದು ಕಡತ. ತೀರಿಹೋದ ಪ್ರೊಫೆಸರರ ಕಾಗದಪತ್ರಗಳು, ಪೊಲೀಸ್ ಅಧಿಕಾರಿಯ ಹೇಳಿಕೆ, ನಾವಿಕನೊಬ್ಬನ ಬರಹ, ಇವುಗಳ ನಡುವೆ ಉಚ್ಚರಿಸಲಾಗದ ಹೆಸರುಗಳು. ಇದಕ್ಕಿಂತ ದೊಡ್ಡ ತೊಡಕೊಂದುಂಟು. ಅಲ್ಲಿ ಕರಾಳ ದೇವತೆಯನ್ನು ಪೂಜಿಸುವವರು ಹೆಚ್ಚಾಗಿ ಬಿಳಿಯರಲ್ಲದವರು, ಮಿಶ್ರಕುಲದವರು. ಅವರನ್ನು ವರ್ಣಿಸುವಾಗ ಲೇಖಕನ ಮಾತು ಅಸಹ್ಯವಾಗುತ್ತದೆ. ಈ ತಿರಸ್ಕಾರ ಆತನ ಪತ್ರಗಳಲ್ಲಿಯೂ ಇದೆ. 1927ರ 'ದಿ ಹಾರರ್ ಅಟ್ ರೆಡ್ ಹುಕ್' ಅಂತೂ ಇದೇ ವಿಷದಿಂದ ಕೆಟ್ಟುಹೋದ ಕಥೆ. ಇದನ್ನು ಮರೆಮಾಚುವುದು ತರವಲ್ಲ. ಹಾಗಾದರೆ, ಆತನು ಕೀಳೆಂದು ಬಗೆದ ಬಣ್ಣದವರಾದ ನಾವು ಆತನನ್ನು ಏತಕ್ಕೆ ಓದಬೇಕು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಕಥೆಗಳು ಎರಡಿವೆ. ಲವ್‌ಕ್ರಾಫ್ಟನೂ ತನ್ನ ಕಥೆಗಳಲ್ಲಿ ಹೆಚ್ಚಾಗಿ ಮೆಚ್ಚಿಕೊಂಡಿದ್ದುದು ಇವೆರಡನ್ನೇ.

ಮೊದಲನೆಯದು 1921ರಲ್ಲಿ ಬರೆದ 'ದಿ ಮ್ಯೂಸಿಕ್ ಆಫ್ ಎರಿಕ್ ಜಾನ್'. ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಒಬ್ಬ ಬಡ ವಿದ್ಯಾರ್ಥಿ. ಅದೇ ಮನೆಯ ಮೇಲಿನ ಅಟ್ಟದಲ್ಲಿ ಪಿಟೀಲಿನ ಜಾತಿಯ ವಾದ್ಯವೊಂದನ್ನು ನುಡಿಸುವ ಮೂಗ ಮುದುಕ. ಮುದುಕನು ರಾತ್ರಿಯೆಲ್ಲ ನುಡಿಸುವುದು ಸಂತೋಷಕ್ಕಲ್ಲ, ಕಿಟಕಿಯಾಚೆಯ ಏನನ್ನೋ ದೂರವಿಡುವುದಕ್ಕೆ. ಊರಿನ ದೀಪಗಳನ್ನು ಕಾಣುವೆನೆಂದು ಹುಡುಗನು ಆ ಕಿಟಕಿಯಿಂದ ನೋಡಿದಾಗ ಕಂಡದ್ದು ಕೊನೆಯಿಲ್ಲದ ಕತ್ತಲೆ. ವಿಷಯವನ್ನೆಲ್ಲ ತಿಳಿಸಲೆಂದು ಮುದುಕನು ಬರೆದಿಟ್ಟ ಹಾಳೆಗಳು ಗಾಳಿಗೆ ಹಾರಿಹೋಗುತ್ತವೆ. ಹೇಳದೆ ಬಿಡುವ ಈ ಸಂಯಮ ಲವ್‌ಕ್ರಾಫ್ಟನಲ್ಲಿ ಅಪರೂಪ. ವಿಶೇಷಣಗಳ ಮೇಲೆ ಆತನಿಗಿರುವ ಮೋಹವನ್ನು ಬಲ್ಲವರು ನಮ್ಮ ಮಾತನ್ನು ಒಪ್ಪಿಯಾರು.

ಎರಡನೆಯದಾದ 'ದಿ ಕಲರ್ ಔಟ್ ಆಫ್ ಸ್ಪೇಸ್' 1927ರಲ್ಲಿ ಪ್ರಕಟವಾಯಿತು. ಇದಕ್ಕೆ ಆತನಿಗೆ ದೊರೆತ ಸಂಭಾವನೆ 25 ಡಾಲರ್, ಅದೂ ಬಹಳ ತಡವಾಗಿ! ನೇಹಮ್ ಗಾರ್ಡ್‌ನರ್ ಎಂಬ ರೈತನ ಬಾವಿಯ ಬಳಿ 1882ರಲ್ಲಿ ಉಲ್ಕೆಯೊಂದು ಬೀಳುತ್ತದೆ. ಪ್ರೊಫೆಸರರು ಬಂದು ಚೂರೊಂದನ್ನು ಪರೀಕ್ಷೆಗೆ ಒಯ್ದರೆ ಅದು ಕರಗಿ ಮಾಯವಾಗುತ್ತದೆ. ಕಲ್ಲಿನೊಳಗಿದ್ದ ಗುಳ್ಳೆಯ ಬಣ್ಣ ಮಾತ್ರ ಯಾರೂ ಕಂಡರಿಯದ ಬಣ್ಣ. ಆ ವರ್ಷ ಹಣ್ಣುಗಳು ಹಿಂದೆಂದೂ ಕಾಣದಷ್ಟು ದೊಡ್ಡವಾಗುತ್ತವೆ; ಕಚ್ಚಿದರೆ ಕಹಿ. ಬಳಿಕ ಗಾಳಿಯಿಲ್ಲದೆ ಮರಗಳು ಅಲುಗುತ್ತವೆ, ಗಿಡಗಳು ಬೂದಿಯಾಗಿ ಉದುರುತ್ತವೆ, ಹೆಂಡತಿಗೆ ಬುದ್ಧಿಭ್ರಮಣೆಯಾಗುತ್ತದೆ. ಬಾವಿ ಕೆಟ್ಟಿದೆಯೆಂದು ನೆರೆಯವನು ಎಚ್ಚರಿಸಿದರೂ ಆ ಸಂಸಾರ ಅದೇ ನೀರನ್ನು ಕುಡಿಯುತ್ತದೆ.

ನಮ್ಮ ದೆವ್ವದ ಕಥೆಗಳಲ್ಲಿ ದೆವ್ವಕ್ಕೊಂದು ಹಗೆಯೋ ತೀರದ ಆಸೆಯೋ ಇರುತ್ತದೆ. ಶಾಂತಿ ಮಾಡಿಸಿದರೆ ಬಿಟ್ಟುಹೋಗುತ್ತದೆ. ಇಲ್ಲಿ ಬಂದುದಕ್ಕೆ ಹಗೆಯಿಲ್ಲ, ಬೇಡಿಕೆಯಿಲ್ಲ, ಗಾರ್ಡ್‌ನರನ ಹೆಸರೂ ತಿಳಿಯದು. ಅವನು ಮಾಡಿದ ಪಾಪವೇನೆಂದು ಹುಡುಕಿದರೆ ಸಿಕ್ಕುವುದಿಲ್ಲ. ವಿಶ್ವವು ಮನುಷ್ಯನನ್ನು ಲೆಕ್ಕಕ್ಕೇ ಇಟ್ಟಿಲ್ಲವೆಂಬುದೇ ಇಲ್ಲಿಯ ಭಯ. ಆ ವಿಶ್ವದ ಎದುರು ಬಿಳಿಯ ರೈತನಿಗೂ ರಿಯಾಯಿತಿಯಿಲ್ಲ. ಬರೆದವನ ಕುಲಗರ್ವವೆಲ್ಲ ಆತನ ಕಥೆಯಲ್ಲಿಯೇ ಹುಡಿಯಾಗುತ್ತದೆ. ಭಯಾನಕವು ಅದ್ಭುತದೊಡನೆ ಇಷ್ಟು ನಿಕಟವಾಗಿ ಬೆರೆತುದನ್ನು ನಾವು ಬೇರೆಡೆ ಹೆಚ್ಚಾಗಿ ಕಂಡಿಲ್ಲ.

ಇವೆರಡೂ ಹಿಡಿಸಿದರೆ 'ದಿ ರ‍್ಯಾಟ್ಸ್ ಇನ್ ದಿ ವಾಲ್ಸ್' (1924), ಆಮೇಲೆ 'ದಿ ಶ್ಯಾಡೋ ಓವರ್ ಇನ್ಸ್‌ಮತ್' (1936) ಓದಬಹುದು. ಆದರೆ ಅವುಗಳಲ್ಲಿಯೂ ಹಿಂದೆ ಹೇಳಿದ ವಿಷದ ಹನಿಗಳುಂಟು. ಕ್ಥುಲುವನ್ನು ಆ ಬಳಿಕ ತೆರೆದರೆ ಕಡತದಂತೆ ಕಂಡದ್ದರೊಳಗಣ ಕಥೆ ತಾನಾಗಿ ಕಾಣುತ್ತದೆ. ಎರಿಕ್ ಜಾನನ ಕಥೆಯನ್ನು ಮಾತ್ರ ರಾತ್ರಿಯ ಹೊತ್ತು, ಸಾಧ್ಯವಾದರೆ ಗಟ್ಟಿಯಾಗಿ, ಓದತಕ್ಕದ್ದು.